ಪಾಪ ಮತ್ತು ಹೊಸ ಹುಟ್ಟು: ಈ ಓದಿಗೆ ಹಳೆಯ ಕನ್ನಡ ‘ಸತ್ಯವೇದವು’ ಹೇಗಿದೆ?

ಪಾಪದ ಭಾರ ಎಷ್ಟು, ಹೊಸದಾಗಿ ಹುಟ್ಟುವುದೆಂದರೆ ಏನು ಎಂದು ಕನ್ನಡದಲ್ಲೇ ಓದಿ ತಿಳಿಯಬೇಕೆನ್ನುವವರು ಬೈಬಲ್ ಸೊಸೈಟಿಯ ಹಳೆಯ ಅನುವಾದವನ್ನೇ, ಅಂದರೆ ‘ಸತ್ಯವೇದವು’ ಎಂಬ ಕನ್ನಡ ಬೈಬಲನ್ನೇ ಕೊಳ್ಳಿ. ‘ಯಾವದು’, ‘ಮಾಡುವದು’ ಎಂಬ ಕಾಗುಣಿತ ನಾಲ್ಕು ಪುಟದೊಳಗೆ ರೂಢಿಯಾಗುತ್ತದೆ.

ಇದರ ಬಲ ಕಾಣಬೇಕಾದರೆ ರೋಮಾಪುರದವರಿಗೆ ಬರೆದ ಪತ್ರದ 6:23 (6ನೆಯ ಅಧ್ಯಾಯ, 23ನೆಯ ವಚನ) ತೆರೆಯಿರಿ. ಪಾಪ ಕೊಡುವುದು ‘ಸಂಬಳ’ ಎಂದಿದೆ. ಗ್ರೀಕಿನ ‘ಒಪ್ಸೋನಿಯ’ ಸೈನಿಕನ ವೇತನಕ್ಕೆ ಹೇಳುವ ಮಾತು, ದುಡಿದವನಿಗೆ ಸಲ್ಲಲೇಬೇಕಾದದ್ದು. ಆ ಸಂಬಳ ಮರಣ. ನಿತ್ಯಜೀವವಾದರೋ ಉಚಿತ. ಇಷ್ಟು ನೇರವಾದ ಪದ ಸಿಕ್ಕಿದ್ದು ಅನುವಾದದ ಪುಣ್ಯವೇ ಸರಿ.

ತೊಡಕಿರುವುದು ‘ಪಾಪ’ ಎಂಬ ಮಾತಿನಲ್ಲಿ. ‘ಅಯ್ಯೋ ಪಾಪ’ ಎಂದು ದಿನಾ ಮರುಗುವ ನಮ್ಮ ಬಾಯಲ್ಲಿ ಅದು ಮೆತ್ತಗಾಗಿದೆ. ಹಾಗಾಗಿ ಯೇಸುವಿನ ಕಥೆ ಹೇಳುವ ಸುವಾರ್ತೆಗೆ ಹೋಗುವ ಮೊದಲು, ಬಲಿಯ ನಿಯಮಗಳಿರುವ ಯಾಜಕಕಾಂಡದ 4 ಮತ್ತು 5ನೆಯ ಅಧ್ಯಾಯಗಳನ್ನು ನಿಧಾನವಾಗಿ ಓದಿ. ತಿಳಿಯದೆ ಮಾಡಿದ ತಪ್ಪಿಗೇ ಅಭಿಷಿಕ್ತ ಯಾಜಕ ಬಲಿಗೆ ಹೋರಿ ತರಬೇಕು, ಅಧಿಪತಿ ಹೋತ, ಸಾಮಾನ್ಯನು ಹೆಣ್ಣು ಆಡು ಇಲ್ಲವೇ ಹೆಣ್ಣು ಕುರಿ. ಕುರಿ ತರಲಾರದವನಿಗೆ ಎರಡು ಪಾರಿವಾಳ. ಅದಕ್ಕೂ ಗತಿಯಿಲ್ಲದವನು ಏಫವೆಂಬ ಹಳೆಯ ಅಳತೆಯ ಹತ್ತನೆಯ ಒಂದು ಪಾಲು, ಅಂದರೆ ಸುಮಾರು ಎರಡು ಲೀಟರು ಹಿಡಿಸುವಷ್ಟು ಹಿಟ್ಟು ತರಬೇಕು. ಎಣ್ಣೆ, ಧೂಪ ಸೇರಿಸುವಂತಿಲ್ಲ. ಬಡವನೆಂದು ರಿಯಾಯಿತಿಯುಂಟು, ವಿನಾಯಿತಿಯಿಲ್ಲ. ಹೀಬ್ರೂವಿನಲ್ಲಿ ಪಾಪಕ್ಕೂ ಅದರ ಬಲಿಗೂ ‘ಹತ್ತಾತ್’ ಎಂಬ ಒಂದೇ ಪದ. ಕನ್ನಡದ ‘ದೋಷಪರಿಹಾರಕ ಯಜ್ಞ’ದಲ್ಲಿ ಆ ನಂಟು ಕಳಚಿಹೋಗುತ್ತದೆ, ಓದುವಾಗ ನೀವೇ ಕೂಡಿಸಿಕೊಳ್ಳಬೇಕು.

ಇನ್ನು ಯೋಹಾನನ ಸುವಾರ್ತೆಯ 3ನೆಯ ಅಧ್ಯಾಯ. ಬಹಳ ಮಂದಿ ಎಡವುವುದು ಇಲ್ಲಿ. ‘ಪುನರ್ಜನ್ಮ’ ಎಂದು ಪ್ರಸಂಗಗಳಲ್ಲಿ ಕೇಳಿದವರು ಸತ್ತು ಮತ್ತೆ ಹುಟ್ಟುವುದನ್ನೇ ನೆನೆಯುತ್ತಾರೆ. ಇಬ್ರಿಯರಿಗೆ 9:27ರ ಪ್ರಕಾರ ಮನುಷ್ಯ ಸಾಯುವುದು ಒಂದೇ ಸಾರಿ. ಯೇಸು ತನ್ನ ಬಳಿ ಬಂದ ಯೆಹೂದ್ಯರ ಮುಖಂಡ ನಿಕೊದೇಮನಿಗೆ ಹೇಳುವ ‘ಅನೋಥೆನ್’ ಎಂಬ ಗ್ರೀಕ್ ಪದಕ್ಕೆ ‘ಮತ್ತೆ’, ‘ಮೇಲಿನಿಂದ’ ಎಂಬ ಎರಡೂ ಅರ್ಥಗಳಿವೆ. ನಿಕೊದೇಮ ಮೊದಲನೆಯದನ್ನು ಹಿಡಿದು, ತಾಯಿಯ ಹೊಟ್ಟೆಯನ್ನು ಮತ್ತೆ ಹೊಕ್ಕು ಹುಟ್ಟುವುದಾದೀತೇ ಎಂದು ಕೇಳುತ್ತಾನೆ. ಗಾಳಿಗೂ ಆತ್ಮಕ್ಕೂ ಗ್ರೀಕಿನಲ್ಲಿ ‘ಪ್ನ್ಯೂಮ’ ಒಂದೇ. ಕನ್ನಡಕ್ಕೆ ಎರಡು ಪದ ಬೇಕಾದ್ದರಿಂದ ಆತ್ಮದಿಂದ ಹುಟ್ಟಿದವನನ್ನು ಗಾಳಿಗೆ ಹೋಲಿಸುವ 8ನೆಯ ವಚನ ಸ್ವಲ್ಪ ಸೊರಗುತ್ತದೆ. 5ನೆಯ ವಚನದ ‘ನೀರು’, ‘ಆತ್ಮ’ ಎಂದರೇನೆಂದು ತಿಳಿಯಲು ಯೆಹೆಜ್ಕೇಲ 36:25ರಿಂದ 27, ಯೇಸು 14ನೆಯ ವಚನದಲ್ಲಿ ನೆನಪಿಸುವ ಕಂಚಿನ ಸರ್ಪಕ್ಕೆ ಅರಣ್ಯಕಾಂಡ 21 ಪಕ್ಕದಲ್ಲಿರಲಿ. ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುವ ಮಾತು ಬರುವುದು ಆ ಯೆಹೆಜ್ಕೇಲನಲ್ಲೇ.

ಅಂಗಡಿಯಲ್ಲಿ ಕೊಳ್ಳುವಾಗ ಯೋಹಾನ 3:3ರ ಪುಟ ತೆರೆದು ‘ಮೇಲಿನಿಂದ’ ಎಂಬ ಅಡಿಟಿಪ್ಪಣಿ ಇದೆಯೇ, ಸಂಬಂಧಪಟ್ಟ ಬೇರೆ ವಚನಗಳ ಸೂಚನೆ ಇದೆಯೇ ನೋಡಿ. ಇಲ್ಲದ ಪ್ರತಿ ಈ ಅಭ್ಯಾಸಕ್ಕೆ ಒದಗದು. ತೆಳು ಕಾಗದವಾದ್ದರಿಂದ ಇಂಕಿನ ಪೆನ್ನು ಹಿಂದಿನ ಪುಟಕ್ಕೆ ಇಳಿಯುತ್ತದೆ. ಗುರುತು ಹಾಕಲು ಪೆನ್ಸಿಲ್ ಸಾಕು.