ಅಂಟಿಲ್ಲದೆ ಅಂಟುವ ಹಾಳೆ: ಮೂರು ಸುರುಳಿ ಮುಗಿಸಿದವಳ ವಿಮರ್ಶೆ

ಎರಡು ವರ್ಷದಲ್ಲಿ ಇಂಥ ಮೂರು ಸುರುಳಿ ಮುಗಿಸಿದ್ದೇನೆ, ಆದ್ದರಿಂದ ನಾಲ್ಕು ಮಾತು ಬರೆಯಬಹುದು. ವಸ್ತು ಇಷ್ಟೇ: ತೆಳು ಪ್ಲಾಸ್ಟಿಕ್ ಹಾಳೆ, ಸುರುಳಿಗೆ 25. ಹರಿದು ಗೋಡೆಗೆ ಒತ್ತಿದರೆ ಅಂಟಿಲ್ಲದೆ ಕೂತುಕೊಳ್ಳುತ್ತದೆ. ಚಿಕ್ಕಂದಿನಲ್ಲಿ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತುತ್ತಿದ್ದೆವಲ್ಲ, ಅದೇ ಕರೆಂಟು. ಮೇಲೆ ವೈಟ್‌ಬೋರ್ಡ್ ಪೆನ್ನಿನಲ್ಲಿ ಬರೆದು ಒರೆಸಬಹುದು. ನಾನು ಕೊಟ್ಟದ್ದು 18 ಪೌಂಡ್. ಹಲವು ಕಂಪನಿಗಳು ಮಾಡುತ್ತವೆ, ಗುಣ ದೋಷ ಹೆಚ್ಚುಕಡಿಮೆ ಒಂದೇ, ಹೆಸರು ಹಿಡಿದು ಹೇಳುವುದಿಲ್ಲ.

ನನ್ನ ಬಳಕೆ ಸ್ವಲ್ಪ ಬೇರೆ ಥರದ್ದು. ವಾರವಿಡೀ ಇಂಗ್ಲೆಂಡಿನ ಒಂದು ಊರಿನಲ್ಲಿ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುತ್ತೇನೆ. ಹನ್ನೊಂದು ವರ್ಷದಿಂದ ಮ್ಯಾಜಿಸ್ಟ್ರೇಟ್ ಕೂಡ ಆಗಿದ್ದೇನೆ, ಐದು ವರ್ಷದಿಂದ ಹೊಸ ಮ್ಯಾಜಿಸ್ಟ್ರೇಟರ ಟ್ರೈನಿಂಗ್ ಫೆಸಿಲಿಟೇಟರ್. ಊರಲ್ಲಿ ಮ್ಯಾಜಿಸ್ಟ್ರೇಟ್ ಅಂದರೆ ಪರೀಕ್ಷೆ ಪಾಸು ಮಾಡಿ ಸಂಬಳ ತೆಗೆದುಕೊಳ್ಳುವವರು. ಇಲ್ಲಿ ಹಾಗಲ್ಲ. ಕಾನೂನು ಓದಿರಬೇಕಿಲ್ಲ, ಸಂಬಳ ಇಲ್ಲ, ವರ್ಷಕ್ಕೆ ಕನಿಷ್ಠ 13 ದಿನ ಕೂರಬೇಕು. ಮೂವರು ಕೂತು ತೀರ್ಮಾನ ಮಾಡುತ್ತೇವೆ, ಕಾನೂನಿನ ವಿಷಯ ಹೇಳಲು ಲೀಗಲ್ ಅಡ್ವೈಸರ್ ಇರುತ್ತಾರೆ. 1361ರ ಕಾಯ್ದೆಯ ಕಾಲದಿಂದ ಬಂದ ಪದ್ಧತಿ, ಈಗಲೂ ಈ ದೇಶದ ಕ್ರಿಮಿನಲ್ ಕೇಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಮುಗಿಯುತ್ತವೆ.

ಅರಸೀಕೆರೆಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. "ಎಷ್ಟು ಕೊಡ್ತಾರೆ?" "ಬಸ್ ಚಾರ್ಜು ಕೊಡ್ತಾರಮ್ಮ." "ಪಾಠ ಹೇಳೋದಕ್ಕೆ?" "ಅದಕ್ಕೂ ಬಸ್ ಚಾರ್ಜೇ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ತಾತನೂ ಹಿಂಗೇ ಕಣೇ. ಊರ ಜಗಳ ಎಲ್ಲಾ ನಮ್ಮ ಜಗಲಿ ಮೇಲೇ ತೀರ್ಬೇಕು. ಬಂದೋರಿಗೆಲ್ಲ ಕಾಫಿ ಕಾಸಿ ಕಾಸಿ ನಮ್ಮಮ್ಮನ ಡಬ್ಬಿ ಖಾಲಿ" ಅಂದಳು.

ಈಗ ಹಾಳೆ. ತರಬೇತಿ ಶನಿವಾರ, ಕೋರ್ಟು ಕಟ್ಟಡದ್ದೇ ಒಂದು ಕೋಣೆಯಲ್ಲಿ. ಗೋಡೆಗೆ ಏನೂ ಅಂಟಿಸಬಾರದು, ಮೊಳೆ ಹೊಡೆಯಬಾರದು ಎಂಬ ಬೋರ್ಡು ಇದೆ (ಆ ಬೋರ್ಡನ್ನು ಮಾತ್ರ ಅಂಟಿಸಿದ್ದಾರೆ). ಫ್ಲಿಪ್‌ಚಾರ್ಟಿನ ಸ್ಟ್ಯಾಂಡಿಗೆ ಮೂರು ಕಾಲು, ಅದರಲ್ಲಿ ಒಂದು ಸೊಟ್ಟ. ಅದಕ್ಕೇ ಸುರುಳಿ ತರಿಸಿದೆ. ಬಾಗಿಲಲ್ಲಿ ಬ್ಯಾಗು ನೋಡುವ ಸೆಕ್ಯೂರಿಟಿಯವನು ಮೊದಲ ದಿನ ಯೋಗ ಮ್ಯಾಟ್ ಅಂದುಕೊಂಡಿದ್ದ. ಈಗಲೂ ನನ್ನನ್ನು ಕಂಡರೆ ಇವತ್ತು ಯಾವ ಆಸನ ಅಂತ ಕೇಳುತ್ತಾನೆ.

ಮೊದಲ ಸುರುಳಿಯಲ್ಲಿ ನಾನೇ ತಪ್ಪು ಮಾಡಿದೆ, ಪಾರದರ್ಶಕದ್ದನ್ನು ತರಿಸಿಬಿಟ್ಟೆ. ಗಾಜಿಗೆ ಈ ಹಾಳೆ ಚೆನ್ನಾಗಿ ಕೂರುತ್ತದೆ ಅಂತ ಕಿಟಕಿಗೆ ಹಚ್ಚಿದೆ. ಮಧ್ಯಾಹ್ನ ಕೆಳಗೆ ಹೋಗಿ ನೋಡಿದರೆ ಕಾರ್ ಪಾರ್ಕಿನಲ್ಲಿ ನಿಂತವರಿಗೆಲ್ಲ ಕೆಂಪಕ್ಷರದಲ್ಲಿ "ಜೈಲು?" ಅಂತ ಉಲ್ಟಾ ಕಾಣುತ್ತಿತ್ತು. ಕಟ್ಟುಕಥೆಯ ಕೇಸೇ, ಆದರೂ ಕೋರ್ಟಿನ ಕಿಟಕಿ. ನೀವು ಬಿಳಿಯದನ್ನೇ ತರಿಸಿ.

ಪಾಠದ ಸಾಮಗ್ರಿಯೆಲ್ಲ ನ್ಯಾಯಾಧೀಶರ, ಮ್ಯಾಜಿಸ್ಟ್ರೇಟರ ತರಬೇತಿ ನೋಡಿಕೊಳ್ಳುವ ಜುಡಿಷಿಯಲ್ ಕಾಲೇಜಿನದು, ಅದರಲ್ಲಿ ಕೈಯಾಡಿಸುವಂತಿಲ್ಲ. ಶುರುವಿಗೆ ಮೈ ಬಿಸಿಯಾಗಲಿ ಅಂತ ಕೊಡುವ ಒಂದು ಲೆಕ್ಕ ಮಾತ್ರ ನನ್ನದು. ಕುಡಿದು ಗಾಡಿ ಓಡಿಸಿದ ಡೆಲಿವರಿ ಡ್ರೈವರ್. ನೂರು ಮಿಲಿಲೀಟರ್ ಉಸಿರಿನಲ್ಲಿ 64 ಮೈಕ್ರೋಗ್ರಾಂ ಆಲ್ಕೋಹಾಲ್, ಮಿತಿ 35. ವಾರಕ್ಕೆ ಕೈಗೆ ಬರುವುದು 420 ಪೌಂಡ್. ಮೊದಲ ದಿನವೇ ತಪ್ಪೊಪ್ಪಿಕೊಂಡಿದ್ದಾನೆ. ಮಾರ್ಗಸೂಚಿಯ ಪ್ರಕಾರ ಬ್ಯಾಂಡ್ ಸಿ ದಂಡ, ಅಂದರೆ ವಾರದ ಆದಾಯದ ಒಂದೂವರೆ ಪಟ್ಟಿನಿಂದ ಲೆಕ್ಕ ಶುರು: 630. ಮೊದಲೇ ಒಪ್ಪಿಕೊಂಡದ್ದಕ್ಕೆ ಮೂರನೇ ಒಂದು ಭಾಗ ಕಳೆದರೆ ಮತ್ತೆ 420. ಅದರ ಮೇಲೆ, ಅಪರಾಧದಿಂದ ನೊಂದವರ ನೆರವಿಗೆ ಹೋಗುವ ಸರ್ಚಾರ್ಜ್, ನೂರಕ್ಕೆ ನಲವತ್ತು: 168. (ಫೋರ್ ಟ್ವೆಂಟಿ ಅಂಕಿಯನ್ನು ಬೇಕೆಂದೇ ಇಟ್ಟಿದ್ದೇನೆ. ಆ ಕೋಣೆಯಲ್ಲಿ ಅದಕ್ಕೆ ನಗುವವಳು ನಾನೊಬ್ಬಳೇ.)

ಇಲ್ಲಿಯವರೆಗೆ ಎಲ್ಲರೂ ಸರಿ. ಎಡವುವುದು ಡ್ರೈವಿಂಗ್ ನಿಷೇಧದಲ್ಲಿ. 17ರಿಂದ 22 ತಿಂಗಳು ಅಂತಿದೆ. ಪ್ರತಿ ಬ್ಯಾಚಿನಲ್ಲೂ ಒಂದು ಟೇಬಲ್ಲಿನವರು 18 ಅಂತ ಹಿಡಿದು, ದಂಡದ ಹಾಗೆ ಅದರಲ್ಲೂ ಮೂರನೇ ಒಂದು ಭಾಗ ಕಳೆದು 12 ಅಂತ ಬರೆಯುತ್ತಾರೆ. ತಪ್ಪೊಪ್ಪಿಗೆಯ ರಿಯಾಯಿತಿ ಶಿಕ್ಷೆಗೆ, ನಿಷೇಧಕ್ಕಲ್ಲ. ನಿಷೇಧ ಕಡಿಮೆಯಾಗುವ ದಾರಿ ಬೇರೆ, ಕೋರ್ಟು ಸೂಚಿಸಿದ ಪುನರ್ವಸತಿ ಕೋರ್ಸು ಮುಗಿಸಿದರೆ. ಸ್ಲೈಡಿನಲ್ಲಾದರೆ ನಾನು ಗುಂಡಿ ಒತ್ತುತ್ತೇನೆ, ಸರಿಯುತ್ತರ ಬರುತ್ತದೆ, ಎಲ್ಲರೂ ಓಹೋ ಅನ್ನುತ್ತಾರೆ, ಮುಗಿಯಿತು. ಹಾಳೆಯಲ್ಲಾದರೆ ಆ 12 ಗೋಡೆಯ ಮೇಲೇ ಇರುತ್ತದೆ. ಪಕ್ಕದ ಟೇಬಲ್ಲಿನವರು ಎದ್ದು ಬಂದು ಎಲ್ಲಿ ಕಳೆದಿರಿ ಅಂತ ಕೇಳುತ್ತಾರೆ, ಬರೆದವರು ಬೆರಳಿಟ್ಟು ತೋರಿಸುತ್ತಾರೆ, ತೋರಿಸುತ್ತಿದ್ದ ಬೆರಳು ಅಲ್ಲೇ ನಿಂತುಬಿಡುತ್ತದೆ. ಆ ಕ್ಷಣದಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕು. ಈ ಕೆಲಸದಲ್ಲಿ ಕಲಿಯಲು ನನಗೆ ಅತಿ ಕಷ್ಟವಾದದ್ದು ಅದೇ. ಇಷ್ಟು ಮಾತ್ರೆ, ಊಟದ ನಂತರ, ಮೂರು ಹೊತ್ತು ಅಂತ ದಿನವಿಡೀ ಹೇಳಿಯೇ ರೂಢಿಯಾದವಳು ನಾನು.

ಇನ್ನೊಂದು ಉಪಯೋಗ ತಾನಾಗಿ ಸಿಕ್ಕಿತು. ಮೂವರ ಪೀಠದಲ್ಲಿ ನಡುವೆ ಕೂರುವ ಪ್ರಿಸೈಡಿಂಗ್ ಜಸ್ಟಿಸ್‌ಗೆ ಒಂದೇ ಮತ, ಅಕ್ಕಪಕ್ಕದ ವಿಂಗರ್‌ಗಳಿಗೂ ಒಂದೊಂದು. ಲೆಕ್ಕ ಇಷ್ಟು ಸರಳವಿದ್ದರೂ ಹೊಸಬರು ನಡುವಿನವರ ಮುಖ ನೋಡಿಕೊಂಡೇ ಮಾತಾಡುತ್ತಾರೆ. ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಹಾಳೆ, ಮೂರು ಮೂಲೆಯಲ್ಲಿ, ಬೆನ್ನು ತಿರುಗಿಸಿ ಬರೆಯಬೇಕು. ಕಳೆದ ಚಳಿಗಾಲದಲ್ಲಿ ಬಾಯಿಬಿಡದೆ ಕೂತಿದ್ದ ಒಬ್ಬರು ಬರೆದ ಕಾರಣಗಳು ಉಳಿದಿಬ್ಬರದಕ್ಕಿಂತ ಸ್ಪಷ್ಟವಾಗಿದ್ದವು. ನಡುವೆ ಕೂತವರು ಅದನ್ನು ಎರಡು ಸಲ ಓದಿ ತಮ್ಮದನ್ನು ಒರೆಸಿದರು.

ಬರೆದು ಒರೆಸುವ ಅನುಕೂಲ ಎಂಥದ್ದು ಅನ್ನುವುದಕ್ಕೆ ನಮ್ಮ ಅಧಿಕಾರದ ಮಿತಿಯೇ ಸಾಕ್ಷಿ. ಒಂದು ಅಪರಾಧಕ್ಕೆ ನಾವು ಕೊಡಬಹುದಾದ ಜೈಲು ಆರು ತಿಂಗಳಿತ್ತು. 2022ರ ಮೇ ತಿಂಗಳಲ್ಲಿ, ನಮಗಿಂತ ಮೇಲಿನ ಕ್ರೌನ್ ಕೋರ್ಟಿಗೂ ಹೋಗಬಹುದಾದ ಬಗೆಯ ಅಪರಾಧಗಳಿಗೆ, ಹನ್ನೆರಡಾಯಿತು. 2023ರ ಮಾರ್ಚಿನಲ್ಲಿ ಮತ್ತೆ ಆರು. 2024ರ ನವೆಂಬರಿನಲ್ಲಿ ಮತ್ತೆ ಹನ್ನೆರಡು. ಮೊದಲ ಬದಲಾವಣೆಗೆ ನಾನು ಚೆಂದದ ಚಾರ್ಟು ಮಾಡಿ ಲ್ಯಾಮಿನೇಟ್ ಮಾಡಿಸಿದ್ದೆ. ಈಗ ಅದು ಕುಕ್ಕರ್ ಕೆಳಗಿಡಲು ಆಗಿದೆ.

ದೋಷಕ್ಕೆ ಬರೋಣ. ಒರಟು ಗೋಡೆಗೆ ಇದು ನಿಲ್ಲುವುದಿಲ್ಲ. ಹಳೆಯ ಕಟ್ಟಡವೊಂದರಲ್ಲಿ ಉಬ್ಬು ಚಿತ್ತಾರದ ವಾಲ್‌ಪೇಪರ್ ಇತ್ತು, ಗಂಭೀರ ಚರ್ಚೆಯ ನಡುವೆ ಹಾಳೆ ಮೆಲ್ಲಗೆ ಜಾರಿ ಒಬ್ಬರ ಹೆಗಲ ಮೇಲೆ ಶಾಲು ಹೊದಿಸಿದ ಹಾಗೆ ಬಿತ್ತು. ಸನ್ಮಾನ ಆಯಿತು ಅಂತ ನನಗೆ ನಗು, ಅವರಿಗೆ ಗಾಬರಿ. ಪಾಲಿಶ್ ಹೊಡೆದ ಮರಕ್ಕೆ, ಗಾಜಿಗೆ, ನುಣುಪು ಬಣ್ಣದ ಗೋಡೆಗೆ ತೊಂದರೆಯಿಲ್ಲ. ಮಡಚಿದರೆ ಗೆರೆ ಹೋಗುವುದಿಲ್ಲ, ಸುತ್ತಿಯೇ ಇಡಬೇಕು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡರೆ ಬಿಡಿಸಲು ಉಗುರು ಬೇಕು.

ದೊಡ್ಡ ದೋಷ ಬೇರೆ. ಬರೆದದ್ದನ್ನು ಒಂದೆರಡು ಗಂಟೆಯೊಳಗೆ ಒರೆಸದಿದ್ದರೆ ನೆರಳು ಉಳಿಯುತ್ತದೆ. ಕೆಂಪು ಪೆನ್ನಿನದಂತೂ ಹೋಗುವುದೇ ಇಲ್ಲ. ನನ್ನ ಕಟ್ಟುಕಥೆಯ ಡ್ರೈವರನಿಗೆ ಅದರಿಂದ ನಷ್ಟವಿಲ್ಲ. ಆದರೆ ಹೊಸಬರೊಬ್ಬರು ಖುಷಿಯಾಗಿ, ನಿಜವಾದ ಕೇಸಿಗೆ, ಮೂವರೂ ಎದ್ದು ಹೋಗಿ ಚರ್ಚಿಸುವ ಒಳಕೋಣೆಯಲ್ಲೂ ಇದನ್ನು ಬಳಸಬಹುದಲ್ಲ ಅಂದರು. ಬೇಡವೇ ಬೇಡ. ಒಳಗೆ ಯಾರು ಏನು ಹೇಳಿದರು ಅನ್ನುವುದು ಹೊರಗೆ ಬರಬಾರದು, ಭಿನ್ನಮತ ಇತ್ತು ಎಂದೂ ನಾವು ಹೇಳುವಂತಿಲ್ಲ. ಅವರ ಕೈಗೆ ಹಿಂದಿನ ವಾರದ ಹಾಳೆ ಕೊಟ್ಟು ಬೆಳಕಿಗೆ ಹಿಡಿಯಿರಿ ಅಂದೆ. ಒರೆಸಿದ 12 ಚೆನ್ನಾಗಿಯೇ ಓದಲು ಬರುತ್ತಿತ್ತು.

ಐದಕ್ಕೆ ನಾಲ್ಕು ನಕ್ಷತ್ರ. ಈಗಿನ ಸುರುಳಿಯಲ್ಲಿ ಏಳು ಹಾಳೆ ಉಳಿದಿದೆ, ಮುಂದಿನ ಬ್ಯಾಚು ಒಂಬತ್ತು ಜನ. ಈ ಸಲ ಚೌಕುಳಿ ಗೆರೆ ಇರುವುದನ್ನು ತರಿಸುತ್ತಿದ್ದೇನೆ, ಕೆಂಪು ಪೆನ್ನನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ.