ಉಪ್ಪು ನೀರಿಗೆ ಕಟ್ಟಿಕೊಂಡ 8 ವೆಯ್ಟ್ ಫ್ಲೈ ರಾಡ್: ಕೆಲವು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಇದು ಅಂಗಡಿಯಲ್ಲಿ ರೆಡಿ ಸಿಗುವ ಮೀನು ಹಿಡಿಯುವ ರಾಡ್ ಅಲ್ಲ. ಬ್ಲ್ಯಾಂಕ್ (ರಾಡಿನ ಬರಿಯ ಕಾರ್ಬನ್ ಕೋಲು), ಗೈಡ್ (ಲೈನ್ ಹಾಯುವ ಉಂಗುರ), ರೀಲ್ ಸೀಟ್ (ರೀಲ್ ಕೂರಿಸುವ ಜಾಗ), ಹಿಡಿಯ ಕಾರ್ಕ್ ಎಲ್ಲಾ ಸೇರಿದ ಕಿಟ್ ತರಿಸಿ ಧಾರವಾಡದ ಮನೆಯಲ್ಲೇ ಕಟ್ಟಿದ್ದು. 9 ಅಡಿ, 4 ತುಂಡು, 8 ವೆಯ್ಟ್. ಅಂದರೆ ಲೈನಿನ ಮೊದಲ 30 ಅಡಿ ಸುಮಾರು 210 ಗ್ರೇನ್, ನಮ್ಮ ಲೆಕ್ಕಕ್ಕೆ 13.6 ಗ್ರಾಂ ತೂಗಬೇಕು.

ಧಾರವಾಡದಲ್ಲಿ ಕೂತು ಸಮುದ್ರದ ರಾಡ್ ಯಾಕೆ ಅಂತ ಕೇಳುವವರು ಬಹಳ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಅಂಕೋಲಾ. ನಸುಕಿನಲ್ಲೇ ಹೊರಟರೆ ತಿಂಡಿ ಹೊತ್ತಿಗೆ ಗಂಗಾವಳಿಯ ಅಳಿವೆಯಲ್ಲಿ ನಿಂತಿರಬಹುದು. ಆ ಹೊಳೆಗೆ ಸೇರುವ ಶಾಲ್ಮಲೆ ಹುಟ್ಟುವುದೇ ನಮ್ಮ ಸೋಮೇಶ್ವರದಲ್ಲಿ, ಅಷ್ಟರ ಮಟ್ಟಿಗೆ ನಮಗೂ ಹಕ್ಕಿದೆ ಅಲ್ವಾ.

ಬ್ಲ್ಯಾಂಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಚೆನ್ನಾಗಿದೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಎದುರಿಗೆ ಬೀಸುವಾಗಲೂ ಭಾರದ ಕಣ್ಣಿನ ಕ್ಲೌಸರ್ ಫ್ಲೈಯನ್ನು (ಕೂದಲು ಕಟ್ಟಿ ಮಾಡಿದ ಹುಸಿ ಮೀನು) ಎಸೆಯುತ್ತದೆ, ಚೊಣಕ್ ಮೀನು ಬುಡಕ್ಕೆ ಎಳೆದರೂ ಕೆಳಗಿನ ತುಂಡಿನಲ್ಲಿ ಶಕ್ತಿ ಉಳಿದಿರುತ್ತದೆ. ಎಲ್ಲರೂ ರಾಡ್ ಕೊಳ್ಳುವಾಗ ಮಾಡ್ಯುಲಸ್ (ಕಾರ್ಬನ್ನಿನ ಬಿಗುವು) ಎಷ್ಟು, ಆಕ್ಷನ್ (ಬಾಗುವ ರೀತಿ) ಎಷ್ಟು ಫಾಸ್ಟ್ ಅಂತಲೇ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಕಾರ್ಬನ್ನಿಗೆ ಉಪ್ಪು ಏನೂ ಮಾಡುವುದಿಲ್ಲ. ಉಪ್ಪು ತಿನ್ನುವುದು ಅದಕ್ಕೆ ಅಂಟಿಸಿದ ಲೋಹವನ್ನು. ನನ್ನ ದೂರು ಇರುವುದೂ ಅಲ್ಲೇ.

ಕಿಟ್ ಮಾರಿದವರು "ಸಾಲ್ಟ್‌ವಾಟರ್ ಸೇಫ್" ಅಂತ ಬರೆದಿದ್ದರು. ಬಂದದ್ದು ಅಗ್ಗದ ಕ್ರೋಮ್ ಲೇಪದ ಸ್ನೇಕ್ ಗೈಡ್ (ತಂತಿ ಬಾಗಿಸಿ ಮಾಡಿದ್ದು). ಗೈಡಿನ ಪಾದವನ್ನು ಬ್ಲ್ಯಾಂಕಿಗೆ ದಾರ ಸುತ್ತಿ, ಮೇಲೆ ಎಪಾಕ್ಸಿ ಅಂಟು ಬಳಿದು ಕೂರಿಸುವುದು. ದಾರ ಸುತ್ತುವ ಮೊದಲು ಗೈಡಿನ ಪಾದದ ತುದಿಯನ್ನು ಅರದಿಂದ ತೆಳುವಾಗಿ ಉಜ್ಜಲೇಬೇಕು, ಇಲ್ಲದಿದ್ದರೆ ದಾರ ಬ್ಲ್ಯಾಂಕಿನಿಂದ ಪಾದದ ಮೇಲೆ ಸಲೀಸಾಗಿ ಹತ್ತುವುದಿಲ್ಲ. ಉಜ್ಜಿದ ಕೂಡಲೇ ಲೇಪ ಹೋಯಿತು, ಒಳಗಿನ ಉಕ್ಕು ಬಯಲಾಯಿತು. ರಾಡ್ ಬಾಗಿದಾಗಲೆಲ್ಲ ಎಪಾಕ್ಸಿಗೆ ಒತ್ತಡ ಬೀಳುವುದೂ ಅದೇ ತುದಿಯಲ್ಲಿ. ಅಲ್ಲಿ ಕೂದಲಿನಷ್ಟು ಬಿರುಕು ಬಿಟ್ಟರೆ ಸಾಕು, ಉಪ್ಪು ನೀರು ಒಳಗೆ ಹೀರಿಕೊಂಡು ಅಲ್ಲೇ ಕೂತುಬಿಡುತ್ತದೆ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ತಿಳಿನೀಲಿ ದಾರದ ಅಡಿಯಲ್ಲಿ ಚಹಾ ಬಣ್ಣದ ಗೆರೆ ಕಾಣಿಸಿತು. ದಾರಕ್ಕೆ ಕಲರ್ ಪ್ರಿಸರ್ವರ್ (ದಾರದ ಬಣ್ಣ ಉಳಿಸುವ ದ್ರವ) ಹಚ್ಚಿರಲಿಲ್ಲ, ಹಾಗಾಗಿ ಎಪಾಕ್ಸಿ ಕುಡಿದು ಅದು ಅರೆಪಾರದರ್ಶಕವಾಗಿತ್ತು. ಕಡು ಬಣ್ಣದ್ದಾಗಿದ್ದರೆ ಗೈಡ್ ಅಲುಗಾಡುವವರೆಗೂ ಗೊತ್ತೇ ಆಗುತ್ತಿರಲಿಲ್ಲ. ಮಾರಿದವರಿಗೆ ಫೋಟೋ ಕಳಿಸಿದರೆ ತೊಳೆದಿಲ್ಲ ನೀವು ಅಂದರು. ಅಲ್ಲಿಗೆ ಮಾತು ಮುಗಿಯಿತು.

ಹಾಗಂತ ರಾಡ್ ಎಸೆಯಲಿಲ್ಲ. ಮನೆಯಲ್ಲಿ ಕಟ್ಟಿದ್ದರ ಸುಖ ಇದೇ ನೋಡಿ. ಪಾದದ ಮೇಲಿನ ಎಪಾಕ್ಸಿಯನ್ನು ಬ್ಲೇಡಿನಿಂದ ಸೀಳಿ (ಲೋಹದ ಮೇಲೆ ಮಾತ್ರ, ಬ್ಲ್ಯಾಂಕಿಗೆ ಅಲಗು ತಾಗಲೇಬಾರದು), ಸ್ವಲ್ಪ ಬಿಸಿ ಮಾಡಿ ದಾರ ಬಿಚ್ಚಿ, ಹಳೆ ಗೈಡ್ ತೆಗೆದೆ. ಟೈಟಾನಿಯಂ ಸಿಂಗಲ್ ಫುಟ್ (ಒಂದೇ ಪಾದದ) ಗೈಡ್ ಹಾಕಿದೆ. ದುಬಾರಿ. ಆದರೆ ಅವಕ್ಕೆ ಲೇಪವೇ ಇಲ್ಲ, ಉಜ್ಜಿದರೂ ತುಕ್ಕಿನ ಚಿಂತೆ ಇಲ್ಲ. ಅಲ್ಲಿಂದ ಇಲ್ಲಿವರೆಗೂ ಗೆರೆ ಬಂದಿಲ್ಲ.

ಎಪಾಕ್ಸಿ ವಿಷಯಕ್ಕೆ ಎರಡು ಮಾತು. ರೆಸಿನ್, ಹಾರ್ಡ್‌ನರ್ ಎರಡೂ ಬಾಟಲಿಯಿಂದ ಸಮಸಮ ಅಳತೆ ಬೇಕು, ಕಣ್ಣಂದಾಜು ನಡೆಯಲ್ಲ. ಮೆಡಿಕಲ್ ಶಾಪಿನ ಸಿರಿಂಜ್ ಸುಲಭಕ್ಕೆ ಸಿಗುತ್ತದೆ, ಆದರೆ ಅದರ ರಬ್ಬರಿಗೆ ಸಿಲಿಕೋನ್ ಎಣ್ಣೆ ಇರುತ್ತದೆ, ಅದು ಬೆರೆತರೆ ಎಪಾಕ್ಸಿ ದಾರದ ಮೇಲೆ ನಿಲ್ಲದೆ ಕುಳಿ ಬೀಳುತ್ತದೆ. ರಬ್ಬರ್ ಇಲ್ಲದ ಸಿರಿಂಜ್ ತಗೊಳ್ಳಿ. ರಾಡ್ ತಿರುಗಿಸಲು ನಾನು ಡಿಸ್ಕೋ ಬಾಲ್ ಮೋಟಾರ್ ಬಳಸಿದೆ, ಹುಬ್ಬಳ್ಳಿಯಲ್ಲಿ ಸಿಕ್ಕಿತು, ಇಡೀ ರಾತ್ರಿ ನಿಧಾನಕ್ಕೆ ತಿರುಗುತ್ತದೆ, ಪಾಪ. ಮಧ್ಯೆ ಕರೆಂಟ್ ಹೋದರೆ ಎದ್ದು ಕೈಯಿಂದ ತಿರುಗಿಸಬೇಕು, ಇಲ್ಲವಾದರೆ ಎಲ್ಲಾ ಕೆಳಗಿಳಿದು ಹೊಟ್ಟೆ ಬರುತ್ತದೆ. ಧಾರವಾಡದ ಜಿಟಿಜಿಟಿ ಮಳೆ ಹಿಡಿದಾಗಂತೂ ಈ ಕೆಲಸಕ್ಕೆ ಕೈ ಹಾಕಬೇಡಿ. ತೇವಕ್ಕೆ ಮೇಲೆಲ್ಲ ಮಬ್ಬು ಕೂರುತ್ತದೆ. ಫೆಬ್ರುವರಿ ಒಳ್ಳೆಯದು.

ರೀಲ್ ಸೀಟ್ ಆನೊಡೈಸ್ ಮಾಡಿದ ಅಲ್ಯೂಮಿನಿಯಂ, ಕೆಳಗೆ ಫೈಟಿಂಗ್ ಬಟ್ (ಮೀನಿನ ಜೊತೆ ಗುದ್ದಾಡುವಾಗ ಹೊಟ್ಟೆಗೆ ಒತ್ತಿಕೊಳ್ಳುವ ತುದಿ). ಇದಕ್ಕೆ ಫುಲ್ ಮಾರ್ಕ್ಸ್ ಕೊಡಲ್ಲ, ಪಾಸ್ ಅಷ್ಟೇ. ಕಾರ್ಬನ್ನೂ ಅಲ್ಯೂಮಿನಿಯಮ್ಮೂ ನೇರ ತಾಗಿ ನಡುವೆ ಉಪ್ಪು ನೀರು ಸೇರಿದರೆ ಸುಮ್ನೆ ಬ್ಯಾಟರಿಯ ಹಾಗೆ ಕೆಲಸ ಶುರುವಾಗುತ್ತದೆ, ಕರಗುವುದು ಅಲ್ಯೂಮಿನಿಯಂ. ಅದಕ್ಕೇ ಕೂರಿಸುವಾಗ ನಡುವಿನ ಸಂದನ್ನು ಪೂರ್ತಿ ಎಪಾಕ್ಸಿಯಿಂದ ತುಂಬಿದ್ದೆ. ಆದರೂ ಆನೊಡೈಸಿಂಗ್ ಸವೆದ ಥ್ರೆಡ್ಡಿನ ಸುತ್ತ ಬಿಳಿ ಪುಡಿ ಕಾಣಿಸುತ್ತದೆ. ಹಳೆ ಟೂತ್‌ಬ್ರಷ್‌ನಿಂದ ತಿಕ್ಕಿದರೆ ಹೋಗುತ್ತದೆ. ರೀಲ್ ಬಿಚ್ಚದೆ ವಾರಗಟ್ಟಲೆ ಬಿಟ್ಟರೆ ನಟ್ ಹಿಡಿದುಕೊಳ್ಳುತ್ತದೆ.

ನಮ್ಮಂಥ ದೂರದವರಿಗೆ ತೊಳೆಯುವುದೇ ದೊಡ್ಡ ಕಷ್ಟ. ಕರಾವಳಿಯವರು ಮನೆಗೆ ಹೋಗಿ ನಲ್ಲಿ ಬಿಡುತ್ತಾರೆ, ನಮಗೆ ನಡುವೆ ಘಟ್ಟ ಇದೆ. ಮನೆ ಮುಟ್ಟುವಷ್ಟರಲ್ಲಿ ಉಪ್ಪು ಒಣಗಿ ಹರಳಾಗಿರುತ್ತದೆ. ಹಾಗಾಗಿ ಕಾರಿನಲ್ಲಿ ಒಂದು ಕ್ಯಾನ್ ಸಿಹಿನೀರು ಇರಲೇಬೇಕು. ಅಂಕೋಲಾ ಬಿಡುವ ಮೊದಲೇ ಗೈಡಿನ ಪಾದ, ರೀಲ್ ಸೀಟ್, ಫೆರೂಲ್ (ರಾಡಿನ ತುಂಡುಗಳು ಸೇರುವ ಜಾಗ) ಮೂರಕ್ಕೂ ನೀರು ಬಿಟ್ಟು ಬಟ್ಟೆಯಿಂದ ಒರೆಸುತ್ತೇನೆ. ಮನೆಯಲ್ಲಿ ಇನ್ನೊಮ್ಮೆ ಸೋಪು ಹಾಕಿ, ಕಾರ್ಕ್ ಸಮೇತ. ಒದ್ದೆ ರಾಡನ್ನು ಟ್ಯೂಬಿನಲ್ಲಿ ಮುಚ್ಚಿ ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೆ ಫಿನಿಶ್ ಗುಳ್ಳೆ ಏಳುತ್ತದೆ. ಫೆರೂಲಿನ ಗಂಡು ತುದಿಗೆ ಮೇಣದ ಬತ್ತಿ ಸವರಿ, ಆದರೆ ಮರಳು ಒರೆಸಿದ ಮೇಲೆ.

ಹೊಸದಾಗಿ ಕಟ್ಟುವವರು ದುಡ್ಡು ಉಳಿಸಬೇಕೆಂದರೆ ಬ್ಲ್ಯಾಂಕಿನಲ್ಲಿ ಉಳಿಸಿ, ಗೈಡಿನಲ್ಲಿ ಬೇಡ. ಟಿಪ್ ಟಾಪ್ (ರಾಡಿನ ತುತ್ತತುದಿಯ ಗೈಡ್) ಒಂದು ಎಕ್ಸ್‌ಟ್ರಾ ತರಿಸಿ, ಅದರ ಅಳತೆ ಇಂಚಿನ 64ನೇ ಭಾಗದ ಲೆಕ್ಕದಲ್ಲಿ ಬರುತ್ತದೆ, ನಿಮ್ಮ ತುದಿಗೆ ಸರಿಯಾದದ್ದು ನೋಡಿ. ಅದನ್ನು ಎಪಾಕ್ಸಿಯಿಂದ ಕೂರಿಸಬೇಡಿ, ಬಿಸಿ ಮಾಡಿದರೆ ಕರಗುವ ಅಂಟು ಹಾಕಿ. ಆಗ ಗೋಕರ್ಣದ ಲಾಡ್ಜಿನಲ್ಲೇ ಲೈಟರ್ ಹಿಡಿದು ಬದಲಾಯಿಸಬಹುದು.