ವಿಂಡೋಸ್ 11ರಿಂದ 10ಕ್ಕೆ ವಾಪಸ್: ಮೂರು ದಾರಿ, ಯಾರಿಗೆ ಯಾವುದು?

ವಿಂಡೋಸ್ 11 ಹಾಕಿಕೊಳ್ಳುವುದು ಸುಲಭ, ಬೇಡ ಅನ್ನಿಸಿದ ಮೇಲೆ 10ಕ್ಕೆ ಇಳಿಯುವುದೇ ತಲೆನೋವು. ಇದಕ್ಕೆ ಮೂರು ದಾರಿ ಇವೆ. ನನ್ನ ಲ್ಯಾಪ್‌ಟಾಪ್, ತಮ್ಮನ ಕಂಪ್ಯೂಟರ್, ಗೆಳೆಯನ ಡಿಟಿಪಿ ಅಂಗಡಿಯ ಯಂತ್ರ, ಒಂದೊಂದರಲ್ಲಿ ಒಂದೊಂದು ಮಾಡಿ ನೋಡಿದೆ. ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದಕ್ಕಿಂತ, ಕೊನೆಗೆ ಏನೇನು ಉಳಿಯುತ್ತದೆ ಅನ್ನುವುದೇ ಇಲ್ಲಿ ಮುಖ್ಯ.

ಮೊದಲನೆಯದು 'ಗೋ ಬ್ಯಾಕ್'. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಒಳಗೆ ಈ ಬಟನ್ ಇರುತ್ತದೆ. ಹಳೆಯ ವಿಂಡೋಸ್ ಪೂರ್ತಿ 'ವಿಂಡೋಸ್.ಓಲ್ಡ್' ಎಂಬ ಫೋಲ್ಡರ್‌ನಲ್ಲಿ ಕೂತಿರುತ್ತದೆ, ಅದನ್ನೇ ಮತ್ತೆ ಎಬ್ಬಿಸುತ್ತದೆ. ಫೋಟೋ, ಫೈಲು ಎಲ್ಲ ಇದ್ದಲ್ಲೇ ಇರುತ್ತವೆ. 11ಕ್ಕೆ ಬಂದ ಮೇಲೆ ಹಾಕಿದ ಸಾಫ್ಟ್‌ವೇರ್ ಮಾತ್ರ ಹೋಗುತ್ತದೆ. ಆದರೆ ಗಡುವು ಬರೀ 10 ದಿನ. ಆಮೇಲೆ ಫೋಲ್ಡರ್ ತಾನಾಗಿ ಅಳಿಸಿಹೋಗುತ್ತದೆ, ಬಟನ್ ಕೆಲಸ ಮಾಡುವುದಿಲ್ಲ. ಜಾಗ ಸಾಲದು ಅಂತ ಡಿಸ್ಕ್ ಕ್ಲೀನಪ್‌ನಲ್ಲಿ ಆ ಫೋಲ್ಡರ್ ತೆಗೆದರೂ ಕಥೆ ಅಷ್ಟೇ. ಗಡುವಿನ ಒಳಗೇ ಡಿಸ್ಮ್ (DISM) ಎಂಬ ವಿಂಡೋಸ್‌ನದೇ ಕಮಾಂಡ್ ಕೊಟ್ಟರೆ 60 ದಿನದವರೆಗೆ ಎಳೆಯಬಹುದು. 11 ಹಾಕಿಯೇ ಬಂದ ಹೊಸ ಲ್ಯಾಪ್‌ಟಾಪ್‌ಗೆ ಈ ದಾರಿ ಇಲ್ಲವೇ ಇಲ್ಲ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಇದು ಸಲೀಸಾಗಿ ಆಯಿತು. ಆದರೆ ಹಳೆಯ ವಿಂಡೋಸ್ ಜೊತೆ ಹಳೆಯ ಕಸವೂ ಹಾಗೇ ವಾಪಸ್ ಬಂತು. ಮೊದಲೇ ನಿಧಾನವಾಗಿದ್ದ ಯಂತ್ರ, ನಿಧಾನವಾಗಿಯೇ ಉಳಿಯಿತು.

ಎರಡನೆಯದು ಎಲ್ಲ ಅಳಿಸಿ ಹೊಸದಾಗಿ ಹಾಕುವುದು. ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ತಯಾರಿಸಿಕೊಡುವ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಮತ್ತು 8 ಜಿಬಿಗೆ ಕಡಿಮೆ ಇಲ್ಲದ ಪೆನ್‌ಡ್ರೈವ್ ಬೇಕು. ಲೈಸೆನ್ಸ್ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ಅದೇ ಯಂತ್ರದಲ್ಲಿ ಮೊದಲು 10 ಆಕ್ಟಿವೇಟ್ ಆಗಿದ್ದರೆ, ಹೋಮ್ ಇದ್ದಲ್ಲಿ ಹೋಮ್, ಪ್ರೋ ಇದ್ದಲ್ಲಿ ಪ್ರೋ ಹಾಕಿದರೆ ಸಾಕು, ಇಂಟರ್ನೆಟ್ ಸಿಕ್ಕ ಕೂಡಲೇ ಸಾಮಾನ್ಯವಾಗಿ ತಾನೇ ಆಕ್ಟಿವೇಟ್ ಆಗುತ್ತದೆ.

ಹೆದರಬೇಕಾದದ್ದು ಡ್ರೈವರ್‌ಗೆ, ಅಂದರೆ ಯಂತ್ರದ ಒಂದೊಂದು ಭಾಗವನ್ನೂ ವಿಂಡೋಸ್ ಗುರುತಿಸಲು ಬೇಕಾದ ಸಾಫ್ಟ್‌ವೇರ್‌ಗೆ. ತಮ್ಮನದು 11ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್. 'ಎಲ್ಲಿ ಹಾಕಲಿ' ಎಂದು ಕೇಳುವ ಪರದೆಯಲ್ಲಿ ಡಿಸ್ಕಿನ ಪಟ್ಟಿಯೇ ಖಾಲಿ! ಎಸ್‌ಎಸ್‌ಡಿ ಕೆಟ್ಟಿರಲಿಲ್ಲ. ಈ ಪ್ರೊಸೆಸರ್ ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯನ್ನು ನಿಭಾಯಿಸುವ ವಿಎಂಡಿ ಎಂಬ ಇಂಟೆಲ್ ವ್ಯವಸ್ಥೆ ಆನ್ ಆಗಿರುತ್ತದೆ, ಅದರ ಡ್ರೈವರ್ 10ರ ಇನ್‌ಸ್ಟಾಲರ್ ಒಳಗೆ ಇಲ್ಲ. ಇಂಟೆಲ್‌ನ ರಾಪಿಡ್ ಸ್ಟೋರೇಜ್ ಡ್ರೈವರನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಅದೇ ಪರದೆಯ 'ಲೋಡ್ ಡ್ರೈವರ್' ಒತ್ತಿ ತೋರಿಸಿದ ಮೇಲೆ ಡಿಸ್ಕ್ ಕಂಡಿತು. ವೈಫೈ ಡ್ರೈವರನ್ನೂ ಮೊದಲೇ ಇಳಿಸಿಟ್ಟುಕೊಳ್ಳಿ. ಇಲ್ಲದಿದ್ದರೆ ಡ್ರೈವರ್ ಬೇಕೆಂದರೆ ಇಂಟರ್ನೆಟ್ ಬೇಕು, ಇಂಟರ್ನೆಟ್ ಬೇಕೆಂದರೆ ಡ್ರೈವರ್ ಬೇಕು. ಇಷ್ಟೆಲ್ಲ ಆದ ಮೇಲೆ ಕಂಪ್ಯೂಟರ್ ಚುರುಕಾಗಿದ್ದು ನಿಜ. ಅದಕ್ಕೇ ಮನೆಯ ಯಂತ್ರಕ್ಕೆ ನನ್ನ ಓಟು ಇದಕ್ಕೇ.

ಡಿಟಿಪಿ ಅಂಗಡಿಗೆ ಮಾತ್ರ ಇದನ್ನು ಹೇಳಲಾರೆ. ಅಲ್ಲಿ ವರ್ಷಗಟ್ಟಲೆಯ ಮದುವೆ ಕಾರ್ಡು, ಕರಪತ್ರಗಳೆಲ್ಲ 'ನುಡಿ' ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟ್‌ಗಳಲ್ಲಿವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಫೈಲ್ ತೆರೆದರೆ ಕನ್ನಡದ ಬದಲು ಕೊಂಬು-ಬಾಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫಾಂಟ್, ಪ್ರಿಂಟರ್, ಪೇಜ್‌ಮೇಕರ್ ಎಲ್ಲ ಮತ್ತೆ ಕೂರಿಸುವಷ್ಟರಲ್ಲಿ ದಿನದ ವ್ಯಾಪಾರ ಹೋಯಿತು, ಅಲ್ವಾ?

ಅಲ್ಲಿ ಗೆದ್ದಿದ್ದು ಮೂರನೆಯದು, ಕ್ಲೋನ್‌ಜಿಲ್ಲಾ. ಇದು ಡಿಸ್ಕಿನ ನಕಲು ತೆಗೆಯುವ ಉಚಿತ ಸಾಫ್ಟ್‌ವೇರ್. 11ಕ್ಕೆ ಹೋಗುವ ಮೊದಲೇ ಇಡೀ ಡಿಸ್ಕಿನ ಇಮೇಜನ್ನು, ಅಂದರೆ ಇದ್ದದ್ದು ಇದ್ದಹಾಗೆ ಪೂರ್ತಿ ನಕಲನ್ನು, ಹೊರಗಿನ ಹಾರ್ಡ್‌ಡಿಸ್ಕಿಗೆ ತೆಗೆದಿಟ್ಟಿದ್ದೆವು. ವಾಪಸ್ ಹಾಕಿದಾಗ ಡೆಸ್ಕ್‌ಟಾಪ್‌ನ ಐಕಾನ್ ಕೂಡ ಇದ್ದ ಜಾಗದಲ್ಲೇ ಇತ್ತು. ನೋಡಲು ಹಳೇ ಕಾಲದ ಬರೀ ಅಕ್ಷರದ ಪರದೆ. ಅಳಿಸುವ ಮೊದಲು ಎರಡೆರಡು ಸಲ 'ವೈ' ಒತ್ತಿಸಿಕೊಳ್ಳುತ್ತದೆ. ಅಲ್ಲಿ ಡಿಸ್ಕಿನ ಹೆಸರು, ಗಾತ್ರ ಸರಿಯಾಗಿ ಓದಿ, ಇಮೇಜ್ ಇಟ್ಟ ಹಾರ್ಡ್‌ಡಿಸ್ಕಿನ ಮೇಲೇ ಬರೆಸಿಬಿಡಬೇಡಿ. ಇಮೇಜ್ ತೆಗೆದ ನಂತರ ಮಾಡಿದ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಬೇಕು, ಅವು ಉಳಿಯುವುದಿಲ್ಲ. ಮೊದಲೇ ಇಮೇಜ್ ತೆಗೆದಿರದಿದ್ದರೆ ಈ ದಾರಿ ಮುಚ್ಚಿದಂತೆಯೇ.

ಯಾವ ದಾರಿ ಹಿಡಿದರೂ ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2ಗೇ ಬಂದು ನಿಲ್ಲಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಎಂದು ಕೊಟ್ಟ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಈ ಆವೃತ್ತಿಗೆ ಮಾತ್ರ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡದೆಯೂ ಅದಕ್ಕೆ ಸೇರಬಹುದು. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಕೊಂಡಿ ಇರುತ್ತದೆ.